ನಡುವಿನ ಕುರ್ಚಿ

“ಕಿವಿ ಅದಾವೋ ಇಲ್ಲೋ ನಿಮಗ?”

ಕೇದಾರಿ ಎಲ್ಲರ ಮುಂದೆ ಕೇಳಿಬಿಟ್ಟ!

ಪಡಸಾಲೆಯಲ್ಲಿ ಕೂತವರು ಗೊಳ್ಳೆಂದು ನಕ್ಕರು. ಅವನ ಅವ್ವ ಶಿವವ್ವ ನಕ್ಕಳು. ಮಯೂರಿಯನ್ನು ಸಾಕಿದ ಕಾಕಾ ರಾಚಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

ನಡುವಿನ ಕುರ್ಚಿಯಲ್ಲಿದ್ದ ಮಯೂರಿ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದಳು.

ಮಯೂರಿಯ ಕಡೆಯವರು ಕೊಣ್ಣೂರಿನಿಂದ ಹತ್ತರಗಿಗೆ ವರ ಕೇದಾರಿಯ ಮನೆ ನೋಡಲು ಬಂದಿದ್ದರು. ಹಿರಿಯರು ಫೋಟೋ ನೋಡಿಯೇ ಮಾತು ಮುಗಿಸಿದ್ದರು. ಮನೆ ನೋಡಲು ಹುಡುಗಿಯನ್ನು ಕರೆತರುವ ವಾಡಿಕೆಯಿಲ್ಲ. “ಬಾಳೇವು ಮಾಡಾಕಿ ಅಕಿ, ಅಕೀನ ನೋಡ್ಲಿ” ಎಂದು ಕೇದಾರಿಯೇ ಹಟ ಹಿಡಿದಿದ್ದ. ಆ ಒಂದು ಮಾತಿಗೇ ಮಯೂರಿ ಅವನನ್ನು ಮನಸ್ಸಿನಲ್ಲಿ ತುಂಬಿಕೊಂಡಿದ್ದಳು. ಹುಚ್ಚಿ!

ಅವನದು ಹೆದ್ದಾರಿ ಬಾಜೂ ಪಂಪ್‌ಸೆಟ್ ರಿಪೇರಿ ಅಂಗಡಿ. ಹಗಲೆಲ್ಲ ಮೋಟಾರಿನ ಗದ್ದಲ, ಸಂಜೆಗೆ ಹಾಡು ಬೇಕು. ಅದಕ್ಕೆಂದೇ ಎದೆಯೆತ್ತರದ ಎರಡು ಸ್ಪೀಕರ್ ತಂದಿದ್ದ. ಗೋಡೆಯಿಂದ ಒಂದು ಮೊಳ ಮುಂದಕ್ಕೆ ಸರಿಸಿ, ಮುಖ ತುಸು ಒಳಕ್ಕೆ ತಿರುಗಿಸಿ, ಎರಡಕ್ಕೂ ಸಮದೂರದಲ್ಲಿ ಕುರ್ಚಿ ಹಾಕಿದ್ದ. ದನಿ ಕಲ್ಲಿನ ಗೋಡೆಗೆ ಬಡಿದು ತಿರುಗಿ ಬರಬಾರದೆಂದು ಅವ್ವನ ಕೌದಿಯನ್ನೇ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ.

“ಹೊಸಾ ಕೌದಿಗೆ ಮಳಿ ಹೊಡದಾನ! ಇವನ ಶಾಣ್ಯಾತನ ನೋಡ್ರಿ!” ಎಂದು ಶಿವವ್ವ ಬಂದವರಿಗೆಲ್ಲ ತೋರಿಸಿದ್ದಳು.

“ಇಲ್ಲಿ ಕುಂತ್ರ ಹಾಡಾಕಿ ಎದುರಿಗೇ ನಿಂತಂಗ ಕೇಳತೈತಿ. ಹೇಳ್ರಿ, ದನಿ ಎಲ್ಲಿಂದ ಬರಾಕತ್ತೈತಿ?” ಎಂದು ಕೇದಾರಿ ಹಾಡು ಹಚ್ಚಿ ಆಸೆಯಿಂದ ಮಯೂರಿಯನ್ನು ಕೇಳಿದ್ದ.

“ಎಡಕಿಂದ್ರಿ...”

ಬಲಗಡೆಯ ಸ್ಪೀಕರನ್ನು ಹತ್ತಿರ ಎಳೆದ. “ಈಗ?”

“ಎಡಕಿಂದನ್ರಿ...”

ಇನ್ನೂ ಎಳೆದ. ತಂತಿ ಬಿಚ್ಚಿ ಕಟ್ಟಿದ. ಬೆವರಿದ. ಅವಳದು ಮತ್ತೆ ಅದೇ ಉತ್ತರ. ಆಗಲೇ ಸಿಟ್ಟು ನೆತ್ತಿಗೇರಿ ಅವನು ಕಿವಿಯ ಮಾತು ಆಡಿದ್ದು.

ಮಯೂರಿಯ ಬಲಕ್ಕೆ ಕೂತಿದ್ದ ರಾಚಪ್ಪ ಎದ್ದ. ಕುರ್ಚಿಯನ್ನು ಸುತ್ತಿ ಬಂದು ಅವಳ ಎಡಗಿವಿಯಲ್ಲಿ ಪಿಸುಗುಟ್ಟಿದ: “ನಡುವ ಅಂತ ಬೊಗಳ! ಇಲ್ಲಂದ್ರ ಮನಿಗೆ ನಡಿ, ನೋಡ್ತೇನಿ.”

‘ನಡುವ ಅಂದ್ರ ಮುಗೀತು, ಲಗ್ನ ಆಗತೈತಿ. ಆದ್ರ ಸಾಯೂತನಕ ಈ ಮನಷ್ಯಾನ ಮುಂದ ನಾಟಕ ಮಾಡಬೇಕಲ್ಲಾ...’

ಮಯೂರಿ ತಲೆಯೆತ್ತಿದಳು.

“ನನ್ನ ಬಲಗಿವಿ ಕೇಳಂಗಿಲ್ರಿ.”

ನಗು ನಿಂತಿತು. ಹಾಡು ಮಾತ್ರ ತನ್ನಷ್ಟಕ್ಕೆ ಓಡುತ್ತಿತ್ತು.

“ಅಯ್ಯ ಶಿವನ! ಒಡಕ ಗಡಿಗಿಗೆ ಕುಂಕುಮ ಹಚ್ಚಿ ತಂದೀರಲ್ರೀ!” ಶಿವವ್ವ ಹಣೆ ಬಡಿದುಕೊಂಡಳು.

“ನಮಗೂ ಗೊತ್ತಿಲ್ರಿ ಅಕ್ಕಾರ!” ರಾಚಪ್ಪ ಕೈ ಕೊಡವಿದ. “ಇಷ್ಟ ವರ್ಷ ಉಣಿಸಿದ ನಮ್ಮ ಮುಂದನೂ ಮುಚ್ಚಿಟ್ಟಾಳ! ಮೋಸಗಾತಿ!”

ಮಯೂರಿ ಬೆರಗಾಗಿ ಕಾಕಾನ ಮುಖ ನೋಡಿದಳು. ಆ ಕಿವಿ ಹೋದದ್ದೇ ಅವನ ಕೈಯಿಂದ! ಅಪ್ಪ-ಅವ್ವ ಸತ್ತು ಅವನ ಮನೆ ಸೇರಿದ ಹೊಸತು. ಹಾಲು ಉಕ್ಕಿಸಿದಳೆಂದು ಹೊಡೆದ ಏಟಿಗೆ ಕಿವಿಯಿಂದ ರಕ್ತ ಇಳಿದಿತ್ತು. ‘ಬಾಯಿ ಬಿಟ್ಟಿ ಅಂದ್ರ ಇನ್ನೊಂದೂ ಹೋಗತೈತಿ’ ಎಂದಿದ್ದ. ಆ ಅಂಜಿಕೆ ಇಂದಿಗೂ ಅವಳ ಗಂಟಲು ಬಿಟ್ಟಿರಲಿಲ್ಲ.

ಒಂದು ಮಾತು... ಕೇದಾರಿ ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು!

ಅವನು ಹಾಡು ಬಂದ್ ಮಾಡಿದ.

“ಕಿವಿ ಹೋದ್ರ ಹೋಗ್ಲಿ. ಸಾಕಿದವರಿಗೇ ಸುಳ್ಳ ಹೇಳಾಕಿ ನನ್ನ ಜೋಡಿ ಹೆಂಗ ಬಾಳ್ತಾಳ? ಇಂಥಾ ಸುಳ್ಳಿ ನನಗ ಬ್ಯಾಡ. ಕರಕೊಂಡ ಹೋಗ್ರಿ.”

ಖರೆ ಹೇಳಿದವಳು ಸುಳ್ಳಿಯಾದಳು. ಸುಳ್ಳು ಹೇಳಿದವನು ಉಳಿದಿದ್ದ ಚಹಾ ಬಶಿಗೆ ಸುರಿದುಕೊಂಡು ಕುಡಿದು ಎದ್ದ. ಇದು ನ್ಯಾಯ!

ಮನೆಗೆ ಬಂದ ಮೇಲೆ ರಾಚಪ್ಪ ಹೊಡೆಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ. “ಕಿವುಡಿ ನಮಗೂ ಮೋಸ ಮಾಡಿದ್ಲು” ಎಂದು ಕೊಣ್ಣೂರಿನ ಓಣಿ ಓಣಿಯಲ್ಲಿ ತಾನೇ ಹೇಳಿಕೊಂಡು ತಿರುಗಿದ. ನೀರಿಗೆ ಹೋದರೆ ಹೆಂಗಸರು ಬೇಕೆಂದೇ ಅವಳ ಬಲಕ್ಕೆ ನಿಂತು ಏನೋ ಅಂದು, ಅವಳು ತಿರುಗಲಿಲ್ಲವೆಂದು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಮಯೂರಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ಕೇದಾರಿಯ ಮೇಲೆ. ಆಸೆ ಇಟ್ಟದ್ದು ಅವನೊಬ್ಬನ ಮೇಲೆ ತಾನೆ!

ಕಬ್ಬಿನ ಹಂಗಾಮು ಮುಗಿದ ಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲಿ ಬೈಕ್ ನಿಂತಿತು. ಕೇದಾರಿ!

ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತಿದ್ದ ರಾಚಪ್ಪ ಹಲ್ಲು ಕಿರಿದ. “ಏನ್ರಿ ಸಾಹೇಬ್ರ, ಹಾದಿ ತಪ್ಪಿತೇನು?”

ಕೇದಾರಿ ಅವನತ್ತ ನೋಡಲೇ ಇಲ್ಲ. ಹೊಸ್ತಿಲಲ್ಲಿ ನಿಂತ ಮಯೂರಿಗೆ ಹೇಳಿದ.

“ಬಲಗಿವ್ಯಾಗ ಹತ್ತಿ ಅರಳಿ ತುರಕಿಕೊಂಡು ಆ ಕುರ್ಚ್ಯಾಗ ಕುಂತೆ. ಸ್ಪೀಕರ್ ಎಲ್ಲಿ ಸರಿಸಿದ್ರೂ ದನಿ ಎಡಕ! ಅವ್ವ ಬಲಕ ನಿಂತು ಉಣ್ಣಾಕ ಕರದಾಳ, ನನಗ ಕೇಳಿಲ್ಲ. ಕುರ್ಚಿ ಸುತ್ತಿ ಎಡಕ ಬಂದು ಬೈದ್ಲು ನೋಡ... ಆವಾಗ ಹೊಳೀತು.”

ಆಮೇಲೆ ರಾಚಪ್ಪನ ಕಡೆ ತಿರುಗಿದ.

“ಕಾಕಾ, ನೀವು ಅಕಿ ಬಲಕ ಕುಂತಿದ್ರಿ. ಸುತ್ತ ಹಾಕ್ಕೊಂಡು ಎಡಗಿವ್ಯಾಗ ಯಾಕ ಪಿಸುಗುಟ್ಟಿದ್ರಿ? ಗೊತ್ತಿಲ್ಲದಾವ ಕುಂತಲ್ಲಿಂದನ ಹೇಳ್ತಿದ್ದ!”

ರಾಚಪ್ಪನ ಹೆಬ್ಬೆರಳು ತಂಬಾಕಿನ ಮೇಲೆಯೇ ನಿಂತಿತು.

“ಕಿವಿ ಹೆಂಗ ಹೋತು, ಮಯೂರಿ?”

ಅಂದು ಕೇಳಬೇಕಾದ ಮಾತು ಇಂದು ಬಂತು. ಗಂಟಲಲ್ಲಿ ಕೂತದ್ದು ಒಮ್ಮೆಲೇ ಹೊರಬಿತ್ತು.

“ಕಾಕಾ ಹೊಡದಿದ್ದ!”

ಎದುರುಮನೆಯ ಬಾಗಿಲು ತೆರೆಯಿತು. ರಾಚಪ್ಪ ಕೈಯೆತ್ತಿ ನುಗ್ಗಿದ. ಮಯೂರಿ ಹಿಂದೆ ಸರಿಯಲಿಲ್ಲ.

“ಹೊಡಿ ಕಾಕಾ. ಇನ್ನೊಂದ ಉಳದೈತಿ. ಓಣ್ಯಾಗಿನ ಮಂದಿ ನೋಡ್ಲಿ.”

ಎತ್ತಿದ ಕೈ ತಾನಾಗಿ ಕೆಳಗಿಳಿಯಿತು. ರಾಚಪ್ಪ ತಲೆ ತಗ್ಗಿಸಿ ಒಳಗೆ ಹೋದ.

“ತಪ್ಪಾತು ಮಯೂರಿ...” ಎಂದ ಕೇದಾರಿ.

“ಇಲ್ಲಿ ಅಂದ್ರ ಏನ ಬಂತ್ರಿ? ಸುಳ್ಳಿ ಅಂದದ್ದು ನಿಮ್ಮ ಮನ್ಯಾಗ, ನಿಮ್ಮ ಅವ್ವನ ಮುಂದ. ಅಲ್ಲೇ ಅನ್ರಿ.”

“ಅಂತೇನಿ. ಅವ್ವ ಇನ್ನೂ ಒಪ್ಪಿಲ್ಲ. ಬಾಳ ಬೈತಾಳ.”

“ಎಡಕ ನಿಂತ ಬೈಯಾಕ ಹೇಳ್ರಿ. ಪೂರಾ ಕೇಳ್ಕೋತೇನಿ.” ಅವಳ ಕಣ್ಣು ತುಂಬಿತು. “ಕರುಣಾ ಬಂದು ಕರಿಯಾಕ ಬಂದೀರೇನು?”

“ಕರುಣಾ? ನಾ ಅಷ್ಟ ಚಲೋ ಮನಷ್ಯಾ ಅಲ್ಲ. ಫೋಟೋ ನೋಡಿದಾಗಿಂದ ನೀ ಬೇಕಾಗಿದ್ದಿ... ಅದಕ್ಕ ಆ ಹಾಡು ನಿನಗ ಕೇಳಸಾಕ ಅಷ್ಟ ಒದ್ದಾಡಿದ್ದೆ.”

“ಈಗ ಸ್ಪೀಕರ್ ಹೆಂಗ ಇಟ್ಟೀರಿ?”

“ಎರಡೂ ನಿನ್ನ ಎಡಕ. ಎರಡರಾಗೂ ಪೂರಾ ಹಾಡ ಬರೂ ಹಂಗ ಮಾಡೇನಿ. ನೋಡಿದವರು ನಗಾಕತ್ತಾರ.”

“ನಗ್ಲಿ ಬಿಡ್ರಿ.”

ಮಯೂರಿ ಚಪ್ಪಲಿ ಮೆಟ್ಟಿದಳು.

“ಈಗಾ?” ಅವನು ಗಾಬರಿಯಾದ.

“ಈ ಮನ್ಯಾಗ ಇನ್ನೊಂದು ತುತ್ತು ಇಳಿಯಂಗಿಲ್ರಿ. ಬ್ಯಾಡಂದ್ರ ಹೇಳ್ರಿ.”

ಅವನು ಬೈಕ್ ಶುರು ಮಾಡಿದ. ಅವಳು ಹಿಂದೆ ಹತ್ತಿ ಕೂತಳು. ಊರು ದಾಟಿತು.

“ಸಾವಕಾಶ ಹೊಡೀರಿ,” ಎಂದಳು ಮಯೂರಿ.

“ಅಂಜಿಕಿ ಬಂತೇನು?”

“ಅಂಜಿಕಿ ಅಲ್ಲ. ನಿಮ್ಮ ಮ್ಯಾಲಿನ ಸಿಟ್ಟ ಇನ್ನೂ ಹಂಗ ಐತಿ. ಹತ್ತರಗಿ ಮುಟ್ಟೂದ್ರಾಗ ಇಳೀಬೇಕಲ್ಲ...”

ಕೇದಾರಿ ಗಾಡಿ ನಿಲ್ಲಿಸಿ, ಬಂದ ಹಾದಿಗೇ ತಿರುಗಿಸಿದ.

“ಎಲ್ಲಿಗ್ರಿ?!”

“ಮೂಡಲಗಿ ಮ್ಯಾಲ ಹೋಗೂಣು.”

“ಹುಚ್ಚ ಹಿಡದೈತೇನ್ರಿ? ಅದು ಉಲ್ಟಾ ಹಾದಿ!”

“ಗೊತ್ತೈತಿ. ಸಿಟ್ಟ ದೊಡ್ಡದೈತಲ್ಲ.”

ಮಯೂರಿ ಮೊದಲ ಸಲ ಅವನ ಹೆಗಲ ಮೇಲೆ ಕೈ ಇಟ್ಟಳು.