ಮೂರನೆಯ ಊರುಗೋಲು

ಶಿಕೋಕು ದ್ವೀಪದ ಎಂಬತ್ತೆಂಟು ದೇವಸ್ಥಾನಗಳಿಗೆ ಕಾಲ್ನಡಿಗೆಯಲ್ಲಿ ಯಾತ್ರೆ ಹೋಗಲೆಂದು ನಾನೂ ಫುಮಿಯೆ ಅತ್ತಿಗೆಯೂ ದಿನಾ ಗುಡ್ಡ ಹತ್ತಿಳಿದು ಅಭ್ಯಾಸ ಮಾಡುತ್ತಿದ್ದೆವು. ಆ ಬೆಳಿಗ್ಗೆ ಕಾಡಿನ ಮರದ ಸೇತುವೆ ಬಂದಾಗ ಅತ್ತಿಗೆ ಊರುಗೋಲು ಎತ್ತಿಕೊಂಡರು.

“ನೀನೂ ಎತ್ಕೊಳ್ಳೇ. ಯಾವ ಸೇತುವೆ ಕೆಳಗಾದ್ರೂ ಈ ಯಾತ್ರೆಯ ದಾರಿ ಹಾಕ್ಕೊಟ್ಟ ಗುರುಗಳು ಮಲಗಿರ್ತಾರೆ, ಕೋಲು ಕುಟ್ಟಿದ್ರೆ ಎಚ್ಚರ ಆಗತ್ತೆ.”

“ಇದು ಬರೀ ಅಭ್ಯಾಸ ಅತ್ತಿಗೆ, ಗುರುಗಳಿಗೂ ಗೊತ್ತು ಬಿಡಿ,” ಎಂದು ನಗುತ್ತಾ ಹಲಗೆಯ ಮೇಲೆ ಕೋಲು ಕುಟ್ಟಿಕೊಂಡೇ ದಾಟಿದೆ.

ಕೆಳಗೆ ಯಾರೋ ಕೆಮ್ಮಿದರು.

ಇಳಿದು ನೋಡಿದರೆ ಬತ್ತಿದ ಹಳ್ಳ, ಯಾರೂ ಇರಲಿಲ್ಲ. ತರಗೆಲೆಗಳೆಲ್ಲ ಇಬ್ಬನಿ ಹೆಪ್ಪುಗಟ್ಟಿ ಸೆಟೆದಿದ್ದವು. ಒಬ್ಬರು ಮಲಗುವಷ್ಟು ಜಾಗ ಮಾತ್ರ ಬೆಚ್ಚಗಿತ್ತು.

ಮನೆಗೆ ಹೊರಟಾಗ ನಮ್ಮ ಹಿಂದಿನಿಂದ ಇನ್ನೊಂದು ಕೋಲಿನ ಸದ್ದು ಬರತೊಡಗಿತು. ತಿರುಗಿದರೆ ದಾರಿ ಖಾಲಿ.

“ಸುಮ್ನೆ ನಡಿ,” ಅಂದರು ಅತ್ತಿಗೆ.

ಬಾಗಿಲವರೆಗೂ ಆ ಸದ್ದು ಬಂತು. ಊರ ಹೊಳೆಯ ಸೇತುವೆ ದಾಟುವಷ್ಟು ಹೊತ್ತು ಮಾತ್ರ ನಿಂತಿತ್ತು.