ಕ್ಯಾಲೆಂಡರ್ ನೋಡಲು ಬಂದ ವರ

ಹೆಣ್ಣು ನೋಡಲು ಬಂದ ಗಂಡು, ಹೆಣ್ಣನ್ನು ಬಿಟ್ಟು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಅದೂ ಒಂದು ಕಣ್ಣು ಮುಚ್ಚಿಕೊಂಡು!

ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಸಿರಿಗೆ ಮೈಯೆಲ್ಲ ಉರಿಯಿತು. 'ಇವನು ನನ್ನ ನೋಡೋಕೆ ಬಂದಿದ್ದಾನಾ, ತಾರೀಖು ನೋಡೋಕಾ...?'

ಅವನು ಎಡಗಣ್ಣು ಮುಚ್ಚಿ ಓದಿದ. ಆಮೇಲೆ ಬಲಗಣ್ಣು ಮುಚ್ಚಿ ಓದಿದ. ಸಮಾಧಾನವಾದವನಂತೆ ತಿರುಗಿದಾಗ ಎದುರಿಗೆ ಅವಳಿದ್ದಳು. ಆಗ ಮಾತ್ರ, ಸಾಲ ತೀರಿಸುವವನ ಹಾಗೆ, ಎರಡೂ ಕಣ್ಣು ಬಿಟ್ಟು ನೋಡಿದ್ದೇ ನೋಡಿದ್ದು.

ಅವನು ಯೋಗರಾಜ್. ಇಪ್ಪತ್ತೆಂಟು ವರ್ಷ, ಭದ್ರಾವತಿಯ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ಸಿರಿ ಶಂಕರಘಟ್ಟದಲ್ಲಿ ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಕೊನೆಯ ವರ್ಷ. ಇಸವಿ 2004.

ನವುಲೆಯ ಆ ಮನೆಯಲ್ಲಿ ಎಲ್ಲವೂ ಕೂಡಿಬಂದಿತ್ತು. ಸಿರಿಯ ಅಪ್ಪ ಪುಟ್ಟಯ್ಯ ಗಂಡಿನ ತಂದೆಯ ಕಡೆ ನಾಲ್ಕು ತಲೆಮಾರು ಜಾಲಾಡಿದ್ದರು. ಬೆಡಗು ಎನ್ನುವ ವಂಶದ ಬಳ್ಳಿ ಬೇರೆ, ಜಾತಕ ಕೂಡಿದೆ, ಕುಡಿತವಿಲ್ಲ, ಕೋರ್ಟು ಕೇಸಿಲ್ಲ. ತಾಯಿಯ ಕಡೆ? ಅದನ್ನು ಯಾರು ಕೇಳುತ್ತಾರೆ ಹೇಳಿ... ಧಾರೆ ಎರೆದ ಮೇಲೆ ಹೆಣ್ಣಿನ ಕುಲ ಗಂಡನದು ಎನ್ನುವುದು ನಮ್ಮ ಕಡೆಯ ಲೆಕ್ಕ.

"ಹುಡುಗ ಹುಡುಗಿ ಐದು ನಿಮಿಷ ಮಾತಾಡ್ಲಿ ಬಿಡಿ," ಎಂದರು ಯಾರೋ ಹಿರಿಯರು. ಇಬ್ಬರನ್ನೂ ಹಿತ್ತಿಲಿಗೆ ಕಳಿಸಿದರು.

"ನೀವು ನನ್ನ ಒಪ್ಪಿಲ್ಲ ಅಂತ ಹೇಳಿಬಿಡಿ," ಎಂದ ಯೋಗರಾಜ್.

"ಬೇರೆ ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲ. ನಾನೇ ಬೇಡ ಅಂದ್ರೆ ಅಮ್ಮ ಊಟ ಬಿಡ್ತಾಳೆ. ನೀವು ಅಂದ್ರೆ ಯಾರೂ ಏನೂ ಅನ್ನಲ್ಲ."

"ಬೇಡ ಅನ್ನೋ ಧೈರ್ಯ ಇಲ್ದೋರು ಮನೆ ತನಕ ಯಾಕೆ ಬಂದ್ರಿ?"

ಅವನ ಕಣ್ಣಲ್ಲಿ ಹೆದರಿಕೆ ಕಂಡಿತು. ಸಿರಿ ನೆಟ್ಟಗೆ ಒಳಗೆ ಹೋಗಿ ಹೇಳಿದಳು. "ಅಪ್ಪ, ನಂಗೆ ಒಪ್ಪಿಗೆ."

ಹಟಕ್ಕೆ ಹೇಳಿದ ಮಾತು ಎಂದು ಅವಳೇ ತನಗೆ ಸಮಜಾಯಿಷಿ ಕೊಟ್ಟುಕೊಂಡಳು. ಬರೀ ಹಟವಾಗಿದ್ದರೆ ಅವನ ಆ ಹೆದರಿದ ಕಣ್ಣುಗಳು ರಾತ್ರಿಯೆಲ್ಲ ಯಾಕೆ ಕಾಡಬೇಕಿತ್ತು?

ಒಂದು ತಿಂಗಳು ಕಳೆಯಿತು. ಭದ್ರಾವತಿಯಿಂದ ಹೂಂ ಇಲ್ಲ, ಉಹೂಂ ಇಲ್ಲ.

ಒಂದು ಬೆಳಗ್ಗೆ ಶಂಕರಘಟ್ಟದ ಬಸ್ಸಿಗಾಗಿ ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಗ ಸಿರಿಗೆ ಯೋಗರಾಜ್ ಕಂಡ. ವಯಸ್ಸಾದವರೊಬ್ಬರ ಕೈ ಹಿಡಿದು ನಡೆಸಿಕೊಂಡು ಬರುತ್ತಿದ್ದ. ಅವಳನ್ನು ಕಂಡವನೇ, ಹೊಳಲೂರು ಬಸ್ ಎಷ್ಟೊತ್ತಿಗೆ ಅಂತ ಕೇಳ್ಕೊಂಡು ಬರ್ತೀನಿ ಎಂದು ಅವರನ್ನು ಬೆಂಚಿನ ಮೇಲೆ ಕೂರಿಸಿ ಮಾಯವಾದ.

"ಬಾ ಮಾರಾಯ್ತಿ, ಕೂತ್ಕೋ," ಎಂದರು ಆ ಹಿರಿಯರು. "ನಾನು ಚೌಡಪ್ಪ, ಇವನ ಸೋದರಮಾವ. ನೀನು ನವುಲೆ ಹುಡುಗಿ ತಾನೇ? ಇವನು ಬಸ್ಸಿನ ನೆಪ ಹೇಳಿ ಓಡಿದಾಗ್ಲೇ ಗೊತ್ತಾಯ್ತು. ನಿನ್ನ ವಿಷಯ ಬಿಟ್ರೆ ಇವನ ಬಾಯಲ್ಲಿ ಬೇರೆ ಮಾತಿಲ್ಲ."

ಹೇಳುವಾಗ ಅವರು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಿದ್ದರು.

"ಯಾಕೆ ಹಾಗೆ ನೋಡ್ತೀರಿ ಮಾವ?"

"ನೆಟ್ಟಗೆ ನೋಡಿದ್ರೆ ನಿನ್ನ ಮುಖದ ಜಾಗದಲ್ಲಿ ಬರೀ ಹೊಗೆ. ಓರೆಯಾದ್ರೆ ಓಲೆ ಒಂಚೂರು ಕಾಣುತ್ತೆ. ಇಪ್ಪತ್ತಾರನೇ ವಯಸ್ಸಲ್ಲಿ, ನೋವಿಲ್ಲದೆ, ಎರಡೇ ತಿಂಗಳಲ್ಲಿ ಹೋಯ್ತು ದೃಷ್ಟಿ. ನನ್ನ ಸೋದರಮಾವನಿಗೂ ಹಿಂಗೇ. ಈಗ ಇವನಿಗೆ ಭಯ. ದಿನಾ ಬೆಳಗ್ಗೆ ಎದ್ದು ಒಂದೊಂದೇ ಕಣ್ಣಲ್ಲಿ ಕ್ಯಾಲೆಂಡರ್ ಓದ್ತಾನೆ."

ಸಿರಿಯ ಎದೆಯಲ್ಲಿ ಕಟ್ಟಿಕೊಂಡಿದ್ದ ಸಿಟ್ಟೆಲ್ಲ ಅಲ್ಲೇ ಕರಗಿತು. 'ಅಯ್ಯೋ... ನಾನು ಇವನನ್ನ ಸೊಕ್ಕಿನವನು ಅಂದ್ಕೊಂಡೆನಲ್ಲ...'

ಮರುಕ್ಷಣವೇ ಓದಿದ ಹುಡುಗಿ ಎಚ್ಚೆತ್ತಳು. "ಮಾವ, ನಿಮಗೆ ಮಕ್ಕಳು?"

"ಇಬ್ಬರು ಗಂಡು. ದೊಡ್ಡವನಿಗೆ ಮೂವತ್ತೈದು, ಬಸ್ ಡ್ರೈವರ್. ಹದ್ದಿನ ಕಣ್ಣು. ಅವರನ್ನ ದೇವರೇ ಕಾಪಾಡಿದ."

"ದೇವರ ಜೊತೆ ಇನ್ನೊಂದು ಕಾರಣಾನೂ ಇದೆ ಅನ್ಸುತ್ತೆ. ಸ್ವಲ್ಪ ರಕ್ತ ಕೊಡ್ತೀರಾ?"

"ಕಣ್ಣೇ ಕೊಟ್ಟಾಗಿದೆ. ರಕ್ತ ಯಾವ ದೊಡ್ಡದು, ತಗೋ," ಎಂದು ನಕ್ಕರು ಚೌಡಪ್ಪ.

ಅವಳ ಪ್ರೊಫೆಸರ್ ಆ ರಕ್ತವನ್ನು ಹೈದರಾಬಾದಿನ ಲ್ಯಾಬಿಗೆ ಕಳಿಸಿದರು. ವರದಿ ಬರಲು ಎರಡು ತಿಂಗಳು ಹಿಡಿಯಿತು. ಬಂದ ದಿನವೇ ಸಿರಿ ಕಾರ್ಖಾನೆಯ ಗೇಟಿನೆದುರು ಹೋಗಿ ನಿಂತಳು. ಮೊದಲ ಶಿಫ್ಟ್ ಮುಗಿಸಿ ಬಂದ ಯೋಗರಾಜನನ್ನು ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂರಿಸಿದಳು. ಅವನದೇ ಜಾತಕದ ಜೆರಾಕ್ಸ್ ತೆಗೆದು, ಹಿಂಬದಿಯಲ್ಲಿ ಅವನ ತಾಯಿಯ ಕಡೆಯ ವಂಶವೃಕ್ಷವನ್ನು ಚೌಕ, ವೃತ್ತಗಳಲ್ಲಿ ಬರೆದಳು. ಚೌಕ ಗಂಡು, ವೃತ್ತ ಹೆಣ್ಣು.

"ನಮ್ಮ ಒಂದೊಂದು ಜೀವಕೋಶದಲ್ಲೂ ನೂರಾರು ಪುಟ್ಟ ಕುಲುಮೆಗಳಿವೆ. ಮೈಟೋಕಾಂಡ್ರಿಯ ಅಂತ. ತಿಂದ ಅನ್ನಾನ ಉಸಿರಾಡಿದ ಗಾಳಿ ಜೊತೆ ಉರಿಸಿ ಶಕ್ತಿ ಮಾಡೋದು ಅವು. ಅವಕ್ಕೆ ತಮ್ಮದೇ ಡಿಎನ್‌ಎ ಇದೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ ನಿಮ್ಮ ಮಾವನಿಗೆ. ಅದಕ್ಕೆ ಶಕ್ತಿ ಕಮ್ಮಿ ಹುಟ್ಟುತ್ತೆ."

"ಹಾಗಾದ್ರೆ ಮಾವನ ಕೈಕಾಲು ಗಟ್ಟಿಯಾಗಿವೆಯಲ್ಲ?"

"ಓಲ್ಟೇಜ್ ಬಿದ್ರೆ ನಿಮ್ಮನೆ ಬಲ್ಬ್ ಹೇಗೋ ಉರಿಯುತ್ತೆ, ಟೀವಿ ಆಫ್ ಆಗುತ್ತೆ, ಅಲ್ವಾ? ಕಣ್ಣಿನ ನರಕ್ಕೆ ಕರೆಂಟ್ ಜಾಸ್ತಿ ಬೇಕು."

ಅವನು ನಿಟ್ಟುಸಿರುಬಿಟ್ಟ. "ಅದಕ್ಕೇ ಸಿರಿ, ಇದು ನನಗೇ ಮುಗೀಲಿ ಅಂತ ಮದುವೆ ಬೇಡ ಅಂದಿದ್ದು. ನನ್ನ ಮಗ ನಾಳೆ ಕ್ಯಾಲೆಂಡರ್ ಮುಂದೆ ನಿಲ್ಲಬಾರದು."

"ನಿಲ್ಲಲ್ಲ," ಎಂದಳು ಸಿರಿ, ಮಳೆ ಬರುತ್ತೆ ಎನ್ನುವಷ್ಟು ಸಲೀಸಾಗಿ. "ಈ ಕುಲುಮೆಗಳು ಮಗುವಿಗೆ ಬರೋದು ತಾಯಿಯಿಂದ ಮಾತ್ರ. ನಿಮಗೆ ನಿಮ್ಮಮ್ಮನಿಂದ ಬಂದಿದೆ. ನಿಮ್ಮಿಂದ ಮುಂದಕ್ಕೆ ಹೋಗಲ್ಲ. ನೀವು, ನಮ್ಮಪ್ಪ, ಇಬ್ಬರೂ ಬೆಡಗಿನ ಲೆಕ್ಕ ಹಾಕಿದ್ರಿ, ಅಪ್ಪನಿಂದ ಮಗನಿಗೆ ಅಂತ. ಚೌಡಪ್ಪ ಮಾವನ ಮಗ ಬಸ್ ಓಡಿಸ್ತಿರೋದು ಅದೃಷ್ಟದಿಂದ ಅಲ್ಲ."

ಯೋಗರಾಜ್ ಆ ಹಾಳೆಯನ್ನು ಎರಡೆರಡು ಸಲ ನೋಡಿದ. ಮುಖ ಅರಳಿತು. ಕೊನೆಯ ವೃತ್ತದ ಮೇಲೆ ಕಣ್ಣು ಬಿದ್ದಾಗ ಬಾಡಿತು.

"ಹಾಗಾದ್ರೆ... ನಮ್ಮ ಭವಾನಿ?"

ಭವಾನಿ ಅವನ ತಂಗಿ. ಬಾಣಂತನಕ್ಕೆಂದು ತವರಿಗೆ ಬಂದಿದ್ದಳು.

ಸಿರಿ ಮುಚ್ಚಿಡಲಿಲ್ಲ. "ಅವರ ಮಗುವಿಗೆ ಬರುತ್ತೆ. ಆದ್ರೆ ಬಂದವರಿಗೆಲ್ಲ ಕಣ್ಣು ಹೋಗಲ್ಲ. ಗಂಡಸರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ, ಹೆಂಗಸರಲ್ಲಿ ತುಂಬಾ ಕಮ್ಮಿ. ಅವರಿಗೆ ಹೇಳ್ಬೇಕು. ಅತ್ತೆಗೂ ಹೇಳ್ಬೇಕು. ನಾನೂ ಜೊತೆಗೆ ಬರ್ತೀನಿ. ಇದು ಯಾರ ತಪ್ಪೂ ಅಲ್ಲ ಅಂತ ಮೊದಲು ಹೇಳೋಣ, ಉಳಿದಿದ್ದು ಆಮೇಲೆ."

ಹಾಗೆನ್ನುತ್ತಲೇ ಅವನ ಅಂಗಿ ಜೇಬಿನಿಂದ ಸಿಗರೇಟ್ ಪ್ಯಾಕ್ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು. "ಆ ಕುಲುಮೆಗೆ ಇದು ವಿಷ. ಇವತ್ತಿಗೆ ಮುಗೀತು."

"ನನ್ನ ಕಣ್ಣು ಹೋದ್ರೆ?"

"ಉಳೀಬಹುದು, ಹೋಗಲೂಬಹುದು. ನಾನೇನು ಗ್ಯಾರಂಟಿ ಕಾರ್ಡ್ ಕೇಳಿದ್ನಾ?"

"ನಿಮ್ಮನೇಲಿ ಒಪ್ತಾರಾ?"

"ಮಾವ ಸಿಕ್ಕ ದಿನವೇ ಮನೇಲಿ ಎಲ್ಲ ಹೇಳಿದ್ದೆ. ಅಪ್ಪ ಎರಡು ದಿನ ಮಾತು ಬಿಟ್ರು. ಆಮೇಲೆ ಅಮ್ಮನೇ ಅಂದ್ರು, 'ಎರಡು ಕಣ್ಣು ನೆಟ್ಟಗಿದ್ದೂ ನೀವು ಮೂವತ್ತು ವರ್ಷದಿಂದ ನನ್ನ ಸೀರೆ ಬಣ್ಣ ನೋಡಿಲ್ಲ' ಅಂತ. ಅಪ್ಪ ಗಪ್‌ಚಿಪ್."

ಯೋಗರಾಜ್ ಜೋರಾಗಿ ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿತು.

"ಆವತ್ತು ಬೇಡ ಅನ್ನೋಕೇ ಬಂದಿದ್ದೆ. ಆದ್ರೂ ನಿಮ್ಮನ್ನ ಒಂದ್ಸಲ ಸರಿಯಾಗಿ ನೋಡ್ಬೇಕು ಅನ್ನಿಸ್ತು. ಅದಕ್ಕೇ ಮೊದಲು ಕ್ಯಾಲೆಂಡರ್ ನೋಡಿ, ಕಣ್ಣು ಸರಿಯಿದೆ ಅಂತ ಖಾತ್ರಿ ಮಾಡ್ಕೊಂಡೆ."

ಸಿರಿ ಅವನ ಹತ್ತಿರ ಸರಿದಳು. ನಿಧಾನವಾಗಿ ಕೈಯೆತ್ತಿ, ಅಂಗೈಯಿಂದ ಅವನ ಎಡಗಣ್ಣು ಮುಚ್ಚಿದಳು.

"ಏನು ಕಾಣುತ್ತೆ?"

"ನೀವು."

ಕೈ ಸರಿಸಿ ಬಲಗಣ್ಣು ಮುಚ್ಚಿದಳು. "ಈಗ?"

"ನೀನು."

"ಇನ್ಮೇಲೆ ಬೆಳಗ್ಗೆ ಕ್ಯಾಲೆಂಡರ್ ಬೇಡ. ಓದೋದಿದ್ರೆ ನನ್ನ ಮುಖ ಓದಿ," ಎಂದು ಸಿರಿ ಅವನ ಕೈ ಹಿಡಿದು ಎದ್ದಳು. "ಏಳಿ, ಭವಾನಿ ಹತ್ರ ಹೋಗೋಣ."