ಯಾರ ಹಂಗೂ ಇಲ್ಲ

"ನಮ್ಮಮ್ಮಂಗೆ ಅಡುಗೆ ಮಾಡಕ್ಕೇ ಬರ್ತಿರಲಿಲ್ಲ ಟೀಚರ್," ಎಂದಳು ಡೆಲ್ಸಿ.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನೋಡನೋಡುತ್ತಿದ್ದಂತೆ ಇಡೀ ಐದನೇ ಕ್ಲಾಸೇ ನಗತೊಡಗಿತು.

ಶುಕ್ರವಾರ ಸ್ಕೂಲಿನಲ್ಲಿ ಅಮ್ಮಂದಿರ ದಿನ. ಅದರ ಪ್ರಾಕ್ಟೀಸು ನಡೆಯುತ್ತಿತ್ತು. ಒಬ್ಬೊಬ್ಬರೂ ಸ್ಟೇಜಿನ ಮೇಲೆ ನಿಂತು ತಮ್ಮ ಅಮ್ಮನ ಬಗ್ಗೆ ನಾಲ್ಕು ಮಾತು ಹೇಳಬೇಕು. ಎಲ್ಲರ ಎದೆಯ ಮೇಲೂ ಕೆಂಪು ಕಾಗದದ ಹೂವು. ಡೆಲ್ಸಿಯ ಎದೆಯ ಮೇಲೆ ಮಾತ್ರ ಬಿಳಿಯದು, ಅಮ್ಮ ಇಲ್ಲದವರಿಗೆ ಚುಚ್ಚುವ ಹೂವು. ಅವಳ ಅಮ್ಮ ಒರ್ಫಿತ್ ಹೋದ ವರ್ಷ ಡೆಂಗಿ ಜ್ವರದಲ್ಲಿ ತೀರಿಹೋಗಿದ್ದಳು.

ಡೆಲ್ಸಿ ಹೇಳಬೇಕಾದ ಮಾತುಗಳನ್ನು ಮಾರ್ಲಿತ್ ಟೀಚರೇ ಬರೆದುಕೊಟ್ಟಿದ್ದರು. "ಕೋಳಿ ಕೂಗುವ ಮೊದಲೇ ಎದ್ದು ನನ್ನಮ್ಮ ಒಲೆ ಹಚ್ಚುತ್ತಿದ್ದಳು. ರುಚಿರುಚಿಯಾಗಿ ಅಡುಗೆ ಮಾಡಿ ನನಗೆ ಬಡಿಸುತ್ತಿದ್ದಳು." ಡೆಲ್ಸಿ ಅಲ್ಲಿಯವರೆಗೆ ಓದಿ ನಿಲ್ಲಿಸಿಬಿಟ್ಟಿದ್ದಳು.

"ಹಾಗೆಲ್ಲ ಹೇಳಬಾರದಮ್ಮ," ಎಂದರು ಟೀಚರ್, ಮೆತ್ತಗೆ. "ನಿನ್ನ ದೊಡ್ಡಮ್ಮನ್ನ ಕೇಳ್ಕೊಂಡೇ ನಾನು ಬರೆದಿದ್ದು."

"ಕೋಳಿ ಕೂಗೋ ಮುಂಚೆ ಏಳ್ತಿದ್ದಿದ್ದು ನಿಜ ಟೀಚರ್. ಆದ್ರೆ ಒಲೆ ಹಚ್ಚಕ್ಕಲ್ಲ. ಮೋಟೊ ಕಿಕ್ ಹೊಡಿಯಕ್ಕೆ."

"ಮತ್ತೆ ತಿಂಡಿಗೆ ಏನು, ಪೆಟ್ರೋಲ್ ಕುಡೀತಿದ್ರಾ?" ಎಂದಳು ಯೋಮಿರಾ. ಮತ್ತೆ ನಗು.

ಡೆಲ್ಸಿ ಬಂದು ಕುಳಿತಳು. ಆಮೇಲೆ ಬೆಲ್ಲು ಹೊಡೆಯುವವರೆಗೂ ತಲೆ ಎತ್ತಲಿಲ್ಲ.

ಅವಳಿಗೆ ಅಳು ಬಂದದ್ದು ನಗುವಿಗಲ್ಲ. ಈಚೆಗೆ ಅಮ್ಮನನ್ನು ನೆನೆಸಿಕೊಂಡರೆ ಬೆನ್ನೊಂದೇ ಕಣ್ಣ ಮುಂದೆ ಬರುತ್ತಿತ್ತು. ಅಮ್ಮನದು ಮೂರು ಗಾಲಿಯ ಬಾಡಿಗೆ ಮೋಟೊ: ಮುಂದೆ ಬೈಕಿನಂತೆ ಅಮ್ಮ ಕೂರುವ ಸೀಟು, ಹಿಂದೆ ಇಬ್ಬರು ಕೂರುವಷ್ಟು ಜಾಗ, ಮೇಲೊಂದು ಟಾರ್ಪಾಲಿನ ಮಾಡು. ಡೆಲ್ಸಿ ಬೆಳೆದದ್ದೇ ಆ ಮೋಟೊದ ಹಿಂದಿನ ಸೀಟಿನಲ್ಲಿ. ರಬ್ಬರ್ ಬ್ಯಾಂಡ್ ಹಾಕಿದ ಕೂದಲು, ಬೆವರಿಗೆ ಅಂಟಿದ ನೀಲಿ ಅಂಗಿ, ಅಷ್ಟು ನೆನಪಿದೆ. ಮುಖ ಬೇಕೆಂದರೆ ಫೋಟೋ ನೋಡಬೇಕು. ಈಗ ಆ ಬೆನ್ನನ್ನೂ ಕಿತ್ತುಕೊಂಡು ಒಲೆಯ ಮುಂದೆ ಕೂರಿಸಿಬಿಟ್ಟರೆ ಅವಳಿಗೆ ಉಳಿಯುವುದಾದರೂ ಏನು?

ಮನೆಗೆ ಬರುವಷ್ಟರಲ್ಲಿ ಟೀಚರ್ ಫೋನ್ ಮಾಡಿಯಾಗಿತ್ತು. ಎರ್ಮಿಲಾ ದೊಡ್ಡಮ್ಮ ಸಾರಿಗೆ ಶೇಂಗಾ ಅರೆಯುತ್ತ ಕುಳಿತಿದ್ದಳು. ಹೊಳೆ ದಡದ ಯುರಿಮಾಗುವಾಸ್ ಊರಿನ ಬಂದರಿಗೆ ಬರುವ ದೋಣಿಯವರಲ್ಲಿ ಆರೇಳು ಜನಕ್ಕೆ ದಿನವೂ ಅವಳ ಮನೆಯಲ್ಲೇ ಊಟ.

"ನಿಮ್ಮಮ್ಮನ ಮರ್ಯಾದೆ ತೆಗೆದ್ಯಲ್ಲೇ, ಅಷ್ಟು ಜನರ ಮುಂದೆ!"

"ಇದ್ದಿದ್ದು ಹೇಳಿದೆ ದೊಡ್ಡಮ್ಮ."

"ಇದ್ದಿದ್ದನ್ನೆಲ್ಲ ಮೈಕಲ್ಲಿ ಹೇಳಕ್ಕಾಗಲ್ಲ. ಮಗೂಗೆ ಒಂದು ಹೊತ್ತು ಬೇಯಿಸಿ ಹಾಕದೆ ಊರು ಸುತ್ತುತಿದ್ಲು ಅಂತ ಜನ ಆಡ್ಕೋಬೇಕಾ?"

"ನಿಂಗೇನು ಗೊತ್ತು ಅಮ್ಮನ ವಿಷಯ?" ಡೆಲ್ಸಿಯ ದನಿ ಜೋರಾಯಿತು. "ನಾಲ್ಕು ವರ್ಷ ಅಮ್ಮನ ಹತ್ರ ಮಾತೇ ಆಡಿರಲಿಲ್ಲ ನೀನು!"

ಅರೆಯುವ ಕೈ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ದೊಡ್ಡಮ್ಮ ಒಂದು ಬಟ್ಟಲು ಸಾರು ತಂದು ಡೆಲ್ಸಿಯ ಮುಂದಿಟ್ಟು ಒಳಗೆ ಹೋದಳು.

ಮರುದಿನ ಸ್ಕೂಲು ಬಿಟ್ಟ ಮೇಲೆ ಡೆಲ್ಸಿ ಮನೆಗೆ ಹೋಗಲಿಲ್ಲ. ನೆಟ್ಟಗೆ ಬಂದರಿನ ಮೋಟೊ ಸ್ಟ್ಯಾಂಡಿಗೆ ಹೋದಳು. ಅಮ್ಮ ಹೋದ ಮೇಲೆ ಅವಳು ಅತ್ತ ಕಾಲಿಟ್ಟಿರಲಿಲ್ಲ.

ಸಾಲಿನಲ್ಲಿ ಮೂರನೆಯದೇ ಅಮ್ಮನ ಮೋಟೊ. ಈಗ ಅದನ್ನು ಓಡಿಸುವವನು ಸೆಗುಂಡೊ. ಮುದುಕ, ಆದರೆ ಕೈ ಗಟ್ಟಿ. ಮೋಟೊದ ಬೆನ್ನ ಮೇಲೆ ಅಮ್ಮ ಬರೆಸಿದ್ದ ಹಳದಿ ಅಕ್ಷರಗಳನ್ನು ಅವನು ಅಳಿಸಿರಲಿಲ್ಲ. 'ಯಾರ ಹಂಗೂ ಇಲ್ಲ.'

"ಅಯ್ಯೋ, ಒರ್ಫಿತ್ ಮಗಳಲ್ವಾ! ಏನು ಹೀಗೆ ಬೆಳೆದುಬಿಟ್ಟೆ, ಬಾಳೆ ಗಿಡದ ಹಾಗೆ?"

"ಸೆಗುಂಡೊ ಮಾಮ, ನಮ್ಮಮ್ಮ ಹೇಗಿದ್ಲು?"

ಸೆಗುಂಡೊ ಅವಳ ಮುಖ ನೋಡಿದ. ನಗಿಸಿ ಕಳಿಸುವ ಹಾಗಿಲ್ಲ ಎಂದು ಅವನಿಗೆ ತಿಳಿಯಿತು. ತನ್ನ ಸರದಿಯನ್ನು ಹಿಂದಿನವನಿಗೆ ಬಿಟ್ಟುಕೊಟ್ಟು, ಪಕ್ಕದಲ್ಲೇ ಇದ್ದ ತನ್ನ ಹೆಂಡತಿಯ ತಗಡಿನ ಹೋಟೆಲಿಗೆ ಅವಳನ್ನು ಕರೆದುಕೊಂಡು ಹೋದ.

"ಸುಳ್ಳು ಯಾಕೆ ಹೇಳಲಿ, ಮೊದಲನೇ ದಿನ ನಾವೆಲ್ಲ ಸೇರಿ ಅವಳನ್ನ ಗೋಳು ಹೊಯ್ಕೊಂಡ್ವಿ. ನಾನೂ ಸೇರಿದ್ದೆ. 'ಏನಮ್ಮಾ, ಪಾತ್ರೆ ಸೋಪು ಮನೇಲೇ ಮರೆತು ಬಂದ್ಯಾ?' ಅಂತ ಕೇಳ್ದೆ."

"ಅಮ್ಮ ಏನಂದ್ಲು?"

"'ತಂದಿದೀನಿ ಕಣಣ್ಣ. ಮೊದಲು ನಿನ್ನ ಬಾಯಿ ತೊಳೆಯೋಣ, ಬಾ' ಅಂದ್ಲು."

ಡೆಲ್ಸಿಗೆ ನಗು ಬಂತು. ಹೌದು, ಅಮ್ಮ ಹಾಗೇ ಮಾತಾಡುತ್ತಿದ್ದಳು.

"ಆದ್ರೂ ಎರಡು ದಿನ ಒಬ್ಬ ಪ್ಯಾಸೆಂಜರೂ ಹತ್ತಲಿಲ್ಲ. ಹೆಂಗಸಿನ ಗಾಡಿ, ಎಲ್ಲಿ ಬೀಳಿಸ್ತಾಳೋ ಅಂತ. ಅವಳು ಸಾಲಿನ ಕೊನೇಲಿ ನಿಂತೇ ಇದ್ಲು. ಮೂರನೇ ದಿನ ಮಳೆ ಹಿಡೀತು. ಬಂದರಿನ ಏರು ಗೊತ್ತಲ್ಲ ನಿಂಗೆ? ಕೆಸರಂದ್ರೆ ಕೆಸರು. ನಮ್ಮ ಮೋಟೊಗಳೆಲ್ಲ ಎಮ್ಮೆಗಳ ಹಾಗೆ ಕೆಳಗೇ ಮಲಗಿಬಿಟ್ವು. ಇವಳು ದೋಣಿ ಕಟ್ಟೋ ಹಳೇ ಹಗ್ಗ ತಂದು ಹಿಂದಿನ ಚಕ್ರಗಳಿಗೆ ಸುತ್ತಿದ್ಲು. ಬಾಳೆಗೊನೆ ಇಟ್ಕೊಂಡು ಒಬ್ಬ ಅಜ್ಜಿ ಪಾಪ ನಿಂತಿತ್ತು. ಅದನ್ನ ಕೂರಿಸ್ಕೊಂಡು ಸೀದಾ ಮೇಲೆ ಹತ್ತಿಸೇಬಿಟ್ಲು!"

"ಆಮೇಲೆ?"

"ಆಮೇಲೇನು, 'ನಮಗೂ ಹಗ್ಗ ಕೊಡಮ್ಮ' ಅಂತ ನಾವೇ ಕೈ ಒಡ್ಡಿದ್ವಿ. ಕೊಟ್ಲು. ಮಾರನೇ ದಿನದಿಂದ ಎಲ್ಲರ ಹಾಗೆ ಅವಳಿಗೂ ಸರದಿ ಸಿಕ್ತು. ಮೋಟೊ ಹಿಂದೆ 'ಯಾರ ಹಂಗೂ ಇಲ್ಲ' ಅಂತ ಬರೆಸಿದ್ದು ಆ ವಾರಾನೇ."

ಒಳಗೆ ಪಾತ್ರೆ ಉಜ್ಜುತ್ತಿದ್ದ ಸೆಗುಂಡೊನ ಹೆಂಡತಿ ಸೊಯ್ಲಾ ಅತ್ತೆ ಇಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಿದ್ದಳು. ಈಗ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಹಂಗಿಲ್ಲವಂತೆ ಹಂಗು! ಮಧ್ಯಾಹ್ನದ ಊಟ ಎಲ್ಲಿಂದ ಬರ್ತಿತ್ತು ಅಂತ ಹೇಳು."

"ನೀನು ಸುಮ್ನಿರೇ," ಎಂದ ಸೆಗುಂಡೊ.

"ಯಾಕೆ ಸುಮ್ನಿರಲಿ? ಇವಳ ಅಮ್ಮನ ವಿಷಯ, ಇವಳಿಗೆ ಗೊತ್ತಾಗಬೇಕು."

"ಇಲ್ಲೇ ಉಣ್ತಿದ್ವಿ," ಎಂದಳು ಡೆಲ್ಸಿ. "ನಿಮ್ಮ ಕೈಯಡುಗೆ."

"ನನ್ನ ಕೈಯಡುಗೆ ಅಲ್ಲಮ್ಮ. ನಿನ್ನ ದೊಡ್ಡಮ್ಮಂದು."

ಡೆಲ್ಸಿ ಕಣ್ಣು ಬಿಟ್ಟು ನೋಡಿದಳು.

ಸೊಯ್ಲಾ ಅತ್ತೆ ಬೆಂಚಿನ ಮೇಲೆ ಕುಳಿತು ಹೇಳತೊಡಗಿದಳು. ಡೆಲ್ಸಿಯ ಅಪ್ಪ ದೋಣಿ ಹತ್ತಿ ಇಕಿತೋಸ್ ಪಟ್ಟಣದ ಕಡೆಗೆ ಹೋದವನು ಮತ್ತೆ ಬರಲಿಲ್ಲ. ಎರ್ಮಿಲಾ ತಂಗಿಯನ್ನೂ ಮಗುವನ್ನೂ ಮನೆಗೆ ಕರೆದುಕೊಂಡಳು. ಅಡುಗೆಗೆ ಕೈ ಜೋಡಿಸು, ಇಲ್ಲೇ ಇರು ಎಂದಳು. ಒರ್ಫಿತ್ ಎರಡು ವಾರ ಅನ್ನ ಸೀಯಿಸಿ, ಕೊನೆಗೆ ನಾನು ಮೋಟೊ ಓಡಿಸ್ತೀನಿ ಎಂದಳು. "ಗಂಡಸರ ಸ್ಟ್ಯಾಂಡಲ್ಲಿ ಹೋಗಿ ನಿಂತ್ರೆ ನನ್ನ ಹೊಸಿಲು ತುಳೀಬೇಡ" ಎಂದಳು ಅಕ್ಕ. "ತುಳಿಯಲ್ಲ. ನಿನ್ನ ಕೈ ಅನ್ನಾನೂ ತಿನ್ನಲ್ಲ" ಎಂದಳು ತಂಗಿ. ಬಂದರಿನ ಹತ್ತಿರ ಒಂದು ರೂಮು ಹಿಡಿದಳು.

"ಒಂದು ವಾರ ಆಗಿರಲಿಲ್ಲ, ನಿನ್ನ ದೊಡ್ಡಮ್ಮ ನನ್ನ ಹತ್ರ ಬಂದ್ಲು. 'ಅವಳಿಗೆ ಒಂದು ಮೊಟ್ಟೆ ಬೇಯಿಸಕ್ಕೂ ಬರಲ್ಲ ಸೊಯ್ಲಾ. ಮಗು ಬೇರೆ ಇದೆ. ನಾನು ಮಾಡಿಕೊಡ್ತೀನಿ, ನಿಂದೇ ಅಂತ ಹೇಳಿ ಬಡಿಸು. ಎಲ್ಲಾದ್ರೂ ಬಾಯಿ ಬಿಟ್ಟೆ ಅಂದ್ರೆ ನೋಡು' ಅಂದ್ಲು. ದಿನಾ ಹನ್ನೊಂದು ಗಂಟೆಗೆ ನಾನೇ ಹೋಗಿ ಕ್ಯಾರಿಯರ್ ತರ್ತಿದ್ದೆ. ನಾಲ್ಕು ವರ್ಷ!"

ಅಮ್ಮ ಹೋದ ಮೇಲೆ ದೊಡ್ಡಮ್ಮನ ಮನೆಗೆ ಬಂದ ಮೊದಲ ದಿನ ಶೇಂಗಾ ಹಾಕಿದ ಕೋಳಿ ಸಾರು ತಿಂದಾಗ ಡೆಲ್ಸಿಗೆ, ಇದು ಬಂದರಿನ ಸಾರಿನ ಹಾಗೇ ಇದೆಯಲ್ಲ ಎನಿಸಿತ್ತು. ಕೋಳಿ ಸಾರೆಂದರೆ ಎಲ್ಲ ಕಡೆಯೂ ಹೀಗೇ ಇರುತ್ತದೇನೋ ಎಂದುಕೊಂಡು ಸುಮ್ಮನಾಗಿದ್ದಳು.

"ಅಮ್ಮಂಗೆ ಕೊನೇವರೆಗೂ ಗೊತ್ತಾಗ್ಲೇ ಇಲ್ವಾ?"

ಸೊಯ್ಲಾ ಅತ್ತೆ ಗಂಡನ ಮುಖ ನೋಡಿದಳು. "ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದು ಸಲ ಮಳೆಗಾಲದಲ್ಲಿ ನಿನ್ನ ದೊಡ್ಡಮ್ಮ ಜ್ವರ ಬಂದು ಮಲಗಿಬಿಟ್ಲು. ಆವತ್ತು ನಾನೇ ಸಾರು ಮಾಡ್ದೆ. ಹಾಗೇ ಶೇಂಗಾ ಅರೆದು, ಹಾಗೇ ಸೊಪ್ಪು ಹಾಕಿ ಮಾಡಿದ್ದೆ. ನಿಮ್ಮಮ್ಮ ಒಂದು ಚಮಚ ಬಾಯಿಗಿಟ್ಲು. ಕೆಳಗಿಟ್ಲು. ನನ್ನ ಮುಖಾನೇ ನೋಡಿ ಏನು ಕೇಳಿದ್ಲು ಗೊತ್ತಾ? 'ಸೊಯ್ಲಾ, ಅಕ್ಕಂಗೆ ಏನಾಗಿದೆ?'"

ಹೊರಗೆ ಯಾರೋ ಮೋಟೊ ಸ್ಟಾರ್ಟ್ ಮಾಡಿದರು.

"ದೊಡ್ಡಮ್ಮಂಗೆ ಇದನ್ನ ಹೇಳಿದೀರಾ?"

"ಹೇಳಬೇಡ ಅಂತ ಆಣೆ ಹಾಕಿಸ್ಕೊಂಡ್ಲು ನಿಮ್ಮಮ್ಮ. ಅವಳು ಬೇರೆ, ಇವಳು ಬೇರೆ! ಇಬ್ಬರ ಆಣೇನೂ ಹೊತ್ಕೊಂಡು ಸಾಕಾಗಿದೆ ನಂಗೆ."

ಡೆಲ್ಸಿ ಮನೆಗೆ ಬಂದಾಗ ದೊಡ್ಡಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ಯೇ? ಎಷ್ಟು ಹೊತ್ತಿಂದ ಬೀದಿ ನೋಡ್ತಿದೀನಿ!"

"ದೊಡ್ಡಮ್ಮ, ಅಮ್ಮಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಊಟ ನೀನೇ ಕಳಿಸ್ತಿದ್ದೆ ಅಂತ."

ದೊಡ್ಡಮ್ಮನ ಬೆರಳು ಅಕ್ಕಿಯ ಮೇಲೇ ನಿಂತಿತು. "ಆ ಸೊಯ್ಲಾ ಬಾಯಲ್ಲಿ ಎಳ್ಳು ಕಾಳೂ ನೆನೆಯಲ್ಲ," ಎಂದಳು. ಆದರೆ ದನಿಯಲ್ಲಿ ಸಿಟ್ಟಿರಲಿಲ್ಲ. "ಗೊತ್ತಿದ್ರೆ ತಿಂತಿದ್ಲಾ ಅವಳು? ಅವಳ ಹಠ ನಿಂಗೊತ್ತಿಲ್ಲ."

ಡೆಲ್ಸಿ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದಳು. ಜ್ವರದ ದಿನದ ಮಾತು, ಆ ಒಂದು ಚಮಚದ ಮಾತು, ಅಮ್ಮ ಕೇಳಿದ ಪ್ರಶ್ನೆ.

ದೊಡ್ಡಮ್ಮ ಮೊರವನ್ನು ಕೆಳಗಿಟ್ಟಳು. "ಆವತ್ತು ಸಾಯಂಕಾಲ..." ಎಂದು ನಿಲ್ಲಿಸಿದಳು. ಮತ್ತೆ ಶುರು ಮಾಡಿದಳು. "ಆವತ್ತು ಸಾಯಂಕಾಲ ಯಾವುದೋ ಮೋಟೊ ನಮ್ಮ ಬೀದೀಲಿ ಮೂರು ಸಲ ಓಡಾಡ್ತು. ಮಲಗಿದ್ದಲ್ಲೇ ಕೇಳಿಸ್ತು. ಯಾರೋ ಮನೆ ಹುಡುಕ್ತಿದಾರೆ ಅಂದ್ಕೊಂಡೆ."

ಡೆಲ್ಸಿ ಥಟ್ಟನೆ ಎದ್ದು ನಿಂತಳು.

"ನಾನು ಹಿಂದೆ ಕೂತಿದ್ದೆ!"

"ಏನು?"

"ನಾನಿದ್ದೆ ದೊಡ್ಡಮ್ಮ! ಮಳೆ ಬರ್ತಿತ್ತು. ಒಂದೇ ಬೀದೀಲಿ ಯಾಕೆ ಸುತ್ತುತಿದೀಯ ಅಂತ ಕೇಳ್ದೆ. 'ಬ್ರೇಕ್ ಟೆಸ್ಟ್ ಮಾಡ್ತಿದೀನಿ' ಅಂದ್ಲು. ಮೂರನೇ ಸಲ ಒಂದು ಹಸಿರು ಬಾಗಿಲ ಮುಂದೆ ನಿಲ್ಲಿಸಿದ್ಲು. ಇಂಜಿನ್ ಆಫ್ ಮಾಡ್ಲಿಲ್ಲ. ಒಳಗೆ ಲೈಟ್ ಹತ್ತಿತು. ಆಗ ನನ್ನ ಕಡೆ ತಿರುಗಿ, 'ಬ್ರೇಕು ಸರಿಯಾಗಿದೆ, ನಡಿ' ಅಂದ್ಲು."

ಹೇಳುತ್ತ ಹೇಳುತ್ತ ಡೆಲ್ಸಿ ತಡೆದಳು. ತಿರುಗಿ ಅಂದಿದ್ದಳಲ್ಲ ಅಮ್ಮ! ಮಳೆಯಲ್ಲಿ ತೊಯ್ದ ಮುಖ, ಮೂಗಿನ ತುದಿಯಲ್ಲೊಂದು ಹನಿ, ಕಣ್ಣು ಮಾತ್ರ ನಗುತ್ತಿತ್ತು. ಇದು ಫೋಟೋದ ಮುಖ ಅಲ್ಲ.

ದೊಡ್ಡಮ್ಮ ತೆರೆದಿದ್ದ ಬಾಗಿಲ ಕಡೆ ನೋಡಿದಳು. ಹಸಿರು ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿತ್ತು.

"ನೀರು ಕುಡಿಯಕ್ಕೆ ಎದ್ದು ನಾನೇ ಹಾಕಿದ್ದು ಆ ಲೈಟು," ಎಂದಳು. ಕೈಗೆ ಟವಲು ಸಿಗಲಿಲ್ಲ. ಅಕ್ಕಿ ಹತ್ತಿದ ಅಂಗೈಯಲ್ಲೇ ಕಣ್ಣೊರೆಸಿಕೊಂಡಳು. "ಕತ್ತೆ. ಒಳಗೆ ಬಂದಿದ್ರೆ ಏನಾಗ್ತಿತ್ತು ಅವಳಿಗೆ?" ಆಮೇಲೆ, "ನಾನಾದ್ರೂ ಬಾಗಿಲು ತೆಗೀಬಹುದಿತ್ತು," ಎಂದಳು.

ಡೆಲ್ಸಿ ಮೊರದಲ್ಲಿದ್ದ ಕಲ್ಲು ಆರಿಸತೊಡಗಿದಳು.

ಶುಕ್ರವಾರ ಟೀಚರ್ ಬರೆದುಕೊಟ್ಟ ಕಾಗದವನ್ನು ಡೆಲ್ಸಿ ಬ್ಯಾಗಿನಿಂದ ತೆಗೆಯಲೇ ಇಲ್ಲ. ಸ್ಟೇಜಿನ ಮೇಲೆ ಹೋಗಿ ಮೈಕಿನ ಮುಂದೆ ನಿಂತಳು. ದೊಡ್ಡಮ್ಮ ಎರಡನೇ ಸಾಲಿನಲ್ಲಿ ಇಸ್ತ್ರಿ ಮಾಡಿದ ಲಂಗ ಹಾಕಿಕೊಂಡು ನೆಟ್ಟಗೆ ಕುಳಿತಿದ್ದಳು.

"ನನ್ನಮ್ಮನ ಹೆಸರು ಒರ್ಫಿತ್ ತುವಾನಾಮ. ಅವಳು ಬಂದರಿನಲ್ಲಿ ಮೋಟೊ ಓಡಿಸುತ್ತಿದ್ದಳು. ಅವಳಿಗೆ ಅಡುಗೆ ಬರುತ್ತಿರಲಿಲ್ಲ. ಅಡುಗೆ ಮಾಡುತ್ತಿದ್ದದ್ದು ನನ್ನ ದೊಡ್ಡಮ್ಮ." ಡೆಲ್ಸಿ ಎರಡನೇ ಸಾಲಿನ ಕಡೆ ನೋಡಿದಳು. "ಅಮ್ಮ ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡುತ್ತಿರಲಿಲ್ಲ."

ಈ ಸಲ ಯಾರೂ ನಗಲಿಲ್ಲ. ಯೋಮಿರಾಳ ಅಮ್ಮ ಮೊದಲು ಚಪ್ಪಾಳೆ ತಟ್ಟಿದಳು.

ಮನೆಗೆ ವಾಪಸು ಬರುವಾಗ ಬಿಸಿಲು ಇಳಿದಿತ್ತು. ಅರ್ಧ ದಾರಿ ಬಂದಾಗ ದೊಡ್ಡಮ್ಮ ತಾನಾಗಿಯೇ ಮಾತು ತೆಗೆದಳು.

"ನಿಮ್ಮಮ್ಮಂಗೆ ಆಗ ಆರು ವರ್ಷ. ನಂಗೆ ಹನ್ನೆರಡು. ಅಪ್ಪ ಮಲಗಿದ್ದ. ಇವಳು ದೋಣಿ ಬಿಚ್ಚಿಕೊಂಡು ಒಬ್ಬಳೇ ಹೊಳೆಗೆ ಇಳಿದುಬಿಟ್ಲು."

"ಆರು ವರ್ಷಕ್ಕಾ?"

"ಹೂಂ. ದೋಣಿ ಹುಟ್ಟೇ ಅವಳಿಗಿಂತ ಎತ್ತರ ಇತ್ತು. ನಾನು ದಡದಲ್ಲಿ ಬಾಯಿ ಬಡ್ಕೊಂಡು ಓಡ್ತಿದೀನಿ, ಅವಳು ದೋಣೀಲಿ ನಿಂತ್ಕೊಂಡು ನಂಗೆ ಟಾಟಾ ಮಾಡ್ತಿದಾಳೆ!"

ದೊಡ್ಡಮ್ಮ ನಕ್ಕಳು. ಅವಳು ಹೀಗೆ ನಗುವುದನ್ನು ಡೆಲ್ಸಿ ಇದುವರೆಗೆ ನೋಡಿರಲಿಲ್ಲ.

"ಆಮೇಲೆ ಏನಾಯ್ತು?"

"ತಡಿ, ಹೇಳ್ತೀನಿ. ಆ ಕಡೆ ದಡದಲ್ಲಿ ಒಂದು ದೊಡ್ಡ ಮರ ಇತ್ತು..."

ಬೀದಿಯ ತಿರುವು ಹತ್ತಿರ ಬಂತು. ಅದು ದಾಟಿದರೆ ಮನೆ. ಮನೆ ಬಂದರೆ ಒಲೆ, ಅಕ್ಕಿ, ಊಟಕ್ಕೆ ಬರುವ ದೋಣಿಯವರು. ಡೆಲ್ಸಿ ಬಗ್ಗಿ, ಸರಿಯಾಗಿಯೇ ಕಟ್ಟಿದ್ದ ಶೂ ಲೇಸನ್ನು ಬಿಚ್ಚಿ, ನಿಧಾನವಾಗಿ ಮತ್ತೆ ಕಟ್ಟತೊಡಗಿದಳು.